ಮೂರು ದಾರಿಯಲ್ಲಿ ಸುರಿದ ಉಪ್ಪು

ಜಗಳೂರು ಕಡೆಯ ಆ ಮನೆಯಲ್ಲಿ ಸೊಸೆಗೆ ಕರೆಂಟು ಹೊಡೆದದ್ದು ಅತ್ತೆಯಿಂದ. ಅತ್ತೆ ಕೆಟ್ಟವಳಲ್ಲ, ಸೊಸೆಯ ಮೇಲೆ ಹಗೆಯೂ ಇರಲಿಲ್ಲ. ಆದರೂ ಹೊಡೆದದ್ದು ಅವಳಿಂದಲೇ. ಸೋಲಾರ್ ಹೊಡೆಯಿತು ಅಂತ ಊರವರು ಹೇಳಿದರು, ಮೆಷಿನ್ ಮನೆಗೆ ಆಗಿಬರಲಿಲ್ಲ ಅಂತ ಮನೆಯವರು ಹೇಳಿದರು. ಎರಡೂ ಸುಳ್ಳು. ಹೋಗಿ ಗುಂಡಿ ಬಗೆದು ನೋಡಿದವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಮನೆಗಳಿಗೆ ಸೋಲಾರ್ ಕೂರಿಸುವುದು. ಚನ್ನಗಿರಿಯ ಒಬ್ಬ ಗುತ್ತಿಗೆದಾರರ ಕೈಕೆಳಗೆ ಮಾಡುತ್ತೇನೆ. ಮೊಮ್ಮಕ್ಕಳು ಕಂಡ ಮೇಲೆ ತಾರಸಿ ಹತ್ತುವುದು ಬಿಟ್ಟೆ, ಮಂಡಿ ಕೇಳುವುದಿಲ್ಲ. ನೆಲದ ಮೇಲಿನ ಕೆಲಸ ನನ್ನದು. ಬ್ಯಾಟರಿ ಇಡುವುದು, ಒಳಗಿನ ವೈರು ಎಳೆಯುವುದು, ಅರ್ಥಿಂಗ್ ಗುಂಡಿ ತುಂಬುವುದು. ಓದಿದ್ದು ಮೂರನೇ ಕ್ಲಾಸು. ಮೀಟರಿನ ಅಂಕಿ ಓದಲು ಅಷ್ಟು ಸಾಕು.

ಬಸವಾಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಗುತ್ತಿಗೆದಾರರ ಫೋನು ಬಂತು. ಜಗಳೂರು ಕಡೆ ನಾವು ಕೂರಿಸಿದ ಮನೆಯಲ್ಲಿ ಹೆಣ್ಣುಮಗಳಿಗೆ ಶಾಕ್ ಹೊಡೆದು ಬಿದ್ದಿದ್ದಾಳಂತೆ, ಜೀವಕ್ಕೆ ಏನಾಗಿಲ್ಲ, ಸೋಲಾರೆಲ್ಲ ಕಿತ್ತುಕೊಂಡು ಹೋಗಿ ಅಂತಿದ್ದಾರೆ, ಹೋಗಿ ನೋಡು ಅಂದರು. ನಮ್ಮ ಇಂಜಿನಿಯರ್ ಹುಡುಗ ಹೊನ್ನಾಳಿಯಲ್ಲಿ ಇನ್ನೊಂದು ತಾರಸಿಯ ಮೇಲಿದ್ದ. ಮೆಲ್ಲಗೆ ಹೋಗಿ ಅಜ್ಜಿ, ಬರಿಗೈಯಲ್ಲಿ ಏನನ್ನೂ ಮುಟ್ಟಬೇಡಿ, ಫೋನಿನಲ್ಲಿ ನಾನಿರುತ್ತೇನೆ ಅಂದ. ಕೆಲಸ ಬಲ್ಲ ಹುಡುಗ ಅವನು. ನನಗೆ ಮೀಟರ್ ಹಿಡಿಯುವುದನ್ನು ಕಲಿಸಿದವನೂ ಅವನೇ.

ಆ ಮನೆ ನನಗೆ ನೆನಪಿತ್ತು. ಮಗ ಲಗೇಜ್ ಆಟೋ ಓಡಿಸುತ್ತಾನೆ. ಸೊಸೆ ರೊಟ್ಟಿ ಮಾಡಿ ಹೋಟೆಲಿಗೆ, ಮದುವೆ ಮನೆಗೆ ಕಳಿಸುತ್ತಾಳೆ. ಮೊದಲು ಕೈಯಲ್ಲೇ ತಟ್ಟುತ್ತಿದ್ದಳು. ನಾವು ಸೋಲಾರ್ ಕೂರಿಸಿ ಬಂದ ಮೇಲೆ ಮೆಷಿನ್ ತಂದಿದ್ದಳು. ಹಿಟ್ಟಿನ ಉಂಡೆ ಇಟ್ಟು ಮುಚ್ಚಳ ಒತ್ತಿದರೆ ರೊಟ್ಟಿ ಅಗಲವಾಗುತ್ತದೆ, ಕೆಳಗಿನ ಮೇಲಿನ ಕಬ್ಬಿಣ ಎರಡೂ ಕರೆಂಟಿನಿಂದ ಕಾಯುತ್ತವೆ. ಆ ಕಡೆ ಕರೆಂಟು ಯಾವಾಗ ಹೋಗುತ್ತದೆ ಹೇಳಲಿಕ್ಕಾಗದು, ಅದಕ್ಕೇ ಅವರಿಗೆ ಬ್ಯಾಟರಿ ಬೇಕಾಗಿದ್ದದ್ದು.

ನಾನು ಹೋದಾಗ ಸೊಸೆ ಪಡಸಾಲೆಯಲ್ಲಿ ಕೂತಿದ್ದಳು. ಬಲಗೈ ಬೆರಳಿಗೆ ಬಟ್ಟೆ ಸುತ್ತಿದ್ದರು. ಹೆಂಗಾಯ್ತು ಹೇಳು ಅಂದೆ. ನೆಲ ಒರೆಸಿ ಒದ್ದೆ ಇತ್ತಂತೆ, ಬರಿಗಾಲಲ್ಲಿ ನಿಂತಿದ್ದಳಂತೆ, ಹಿಟ್ಟಿನ ಕೈಯಲ್ಲೇ ಮುಚ್ಚಳದ ಹಿಡಿಕೆ ಹಿಡಿದಳಂತೆ.

“ಕೈ ಬಿಡಿಸ್ಕಳ್ಳಾಕೆ ಆಗ್ಲಿಲ್ಲ ಅಜ್ಜಿ. ಕೂಗಾಕೂ ಆಗ್ಲಿಲ್ಲ. ಅಷ್ಟೊತ್ತಿಗೆ ಲೈನ್ ಕರೆಂಟು ಹೋತು. ಬ್ಯಾಟರಿ ಹಿಡಿಯೋದ್ರೊಳಗೆ ಒಂದು ಚೂರು ಸಂದು ಇರ್ತತಲ್ಲ, ಆ ಸಂದಿನಾಗೆ ಕೈ ಬಿಟ್ಕಂಡು ಬಿದ್ದೆ.”

ಹಾಳಾದ ಕರೆಂಟು ಹೋಗಿದ್ದಕ್ಕೆ ಅವಳು ಬದುಕಿದ್ದಳು.

ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದಳು. ನನ್ನ ವಯಸ್ಸಿನವಳೇ, ಹಣೆ ತುಂಬ ವಿಭೂತಿ. ಮೆಷಿನ್ ವಾಪಸ್ ಮಾಡುವುದು ಅಂತ ಆಗಲೇ ತೀರ್ಮಾನ ಆಗಿತ್ತು. ಈಕೆ ಮೊದಲಿನ ಹಾಗೆ ಕಳೆ ತೆಗೆಯಲು ಕೂಲಿಗೆ ಹೋಗುತ್ತಾಳೆ ಅಂದಳು. ಸೊಸೆ ತಲೆ ಎತ್ತಲಿಲ್ಲ. ಮೆಷಿನ್ ಹೋದರೆ ಈ ಹುಡುಗಿಯ ಕೆಲಸವೂ ಹೋಗುತ್ತದೆ ಅನ್ನುವುದು ಅವಳ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾಳೆಗೆ ಒಂದು ಮದುವೆ ಮನೆಗೆ ರೊಟ್ಟಿ ಒಪ್ಪಿಕೊಂಡಿದ್ದಳು ಬೇರೆ.

ಮೊದಲು ಬ್ಯಾಟರಿ ನೋಡಿದೆ. ಗಾಳಿ ಆಡಲಿ ಅಂತ ನಾನು ಪಡಸಾಲೆಯ ಕಿಟಕಿ ಕೆಳಗೆ ಇಟ್ಟು ಬಂದಿದ್ದೆ. ಅದರ ಮೇಲೆ ದಪ್ಪ ಜಮಖಾನ ಹೊದಿಸಿ, ಮೇಲೆ ಹೂವಿನ ಕುಂಡ ಇಟ್ಟಿದ್ದರು. ಬ್ಯಾಟರಿಯಿಂದ ಗ್ಯಾಸ್ ಬರುತ್ತದೆ, ಹೊದಿಸಬೇಡಿ, ಹತ್ತಿರ ದೀಪ ಹಚ್ಚಬೇಡಿ ಅಂತ ಬೈದು ಕುಂಡ ಇಳಿಸಿ, ಜಮಖಾನ ಎತ್ತಿ ಬಿಸಾಡಿದೆ. ಆದರೆ ಶಾಕಿಗೆ ಅದು ಕಾರಣ ಅಲ್ಲ.

ರಬ್ಬರ್ ಚಪ್ಪಲಿ ಹಾಕಿ, ಟೆಸ್ಟರ್ ಹಿಡಿಯದ ಕೈಗೆ ಗವಸು ಹಾಕಿ, ಮೆಷಿನ್ ಚಾಲು ಮಾಡಿಸಿ ಟೆಸ್ಟರ್ ಇಟ್ಟೆ. ಮೆಷಿನಿನ ಮೈಮೇಲೆ ಎಲ್ಲಿಟ್ಟರೂ ಟೆಸ್ಟರಿನ ದೀಪ ಉರಿಯಿತು. ಪಕ್ಕದ ಫ್ರಿಜ್ಜಿಗೆ ಇಟ್ಟೆ, ಅಲ್ಲೂ ಉರಿಯಿತು. ಇನ್ವರ್ಟರ್ ಡಬ್ಬಿಗೆ ಇಟ್ಟೆ, ಅಲ್ಲೂ. ಹಿಂಗಿದ್ದರೆ ಯಾರಿಗಾದರೂ ಸೋಲಾರ್ ಮೇಲೇ ಅನುಮಾನ ಬರುತ್ತದೆ. ಇಂಜಿನಿಯರ್ ಫೋನಿನಲ್ಲಿ ಹೇಳಿದಂತೆ ಸೋಲಾರ್ ಪೂರ್ತಿ ಬಂದ್ ಮಾಡಿ ಬರೀ ಲೈನ್ ಕರೆಂಟಿನಲ್ಲಿ ನೋಡಿದೆ. ಆಗಲೂ ಉರಿಯಿತು. ಹಾಗಾದರೆ ಸೋಲಾರ್ ಅಲ್ಲ. ಮೆಷಿನಿನ ಪ್ಲಗ್ ಕಿತ್ತೆ. ಎಲ್ಲ ಕಡೆಯೂ ಟೆಸ್ಟರ್ ಆರಿತು. ಮತ್ತೆ ಚುಚ್ಚಿದೆ, ಎಲ್ಲ ಕಡೆ ಉರಿಯಿತು.

ಮೆಷಿನಿನ ಒಳಗೆ ಕಾಯುವ ಕಾಯಿಲಿಗೆ ಹಿಟ್ಟಿನ ನೀರು ಇಳಿದು ಕರೆಂಟು ಮೈಗೆ ಸೋರುತ್ತಿತ್ತು. ಇದು ದೊಡ್ಡ ವಿಷಯ ಅಲ್ಲ, ಯಾವ ಮೆಷಿನಿನಲ್ಲೂ ಒಂದಲ್ಲ ಒಂದು ದಿನ ಆಗುವಂಥದ್ದೇ. ಸೋರಿದ ಕರೆಂಟನ್ನು ಹಸಿರು ವೈರು ಎಳೆದುಕೊಂಡು ಹೋಗಿ ಹೊರಗಿನ ಗುಂಡಿಯಲ್ಲಿ ನೆಲಕ್ಕೆ ಬಿಡಬೇಕು. ಅದರ ಜೊತೆಗೆ ಬೋರ್ಡಿನಲ್ಲಿ ನಾವು ಹಾಕಿದ ಟ್ರಿಪ್ಪರ್ ಥಟ್ಟನೆ ಬಿದ್ದು ಕರೆಂಟು ತೆಗೆಯಬೇಕು. ಇಲ್ಲಿ ಎರಡೂ ಆಗಿರಲಿಲ್ಲ. ನೆಲಕ್ಕೆ ಇಳಿಯಬೇಕಾದ ಕರೆಂಟು ಅದೇ ಹಸಿರು ವೈರು ಹಿಡಿದು ಫ್ರಿಜ್ಜಿಗೂ ಇನ್ವರ್ಟರಿಗೂ ಮನೆಯ ಕಬ್ಬಿಣಕ್ಕೆಲ್ಲ ಸುತ್ತುತ್ತಿತ್ತು.

ಮೇನ್ ತೆಗೆದು ಬೋರ್ಡ್ ಬಿಚ್ಚಿದೆ. ಟ್ರಿಪ್ಪರ್ ಅದರ ಜಾಗದಲ್ಲೇ ಇತ್ತು, ಆದರೆ ಬರೀ ನೋಡಲಿಕ್ಕೆ. ಅದರ ವೈರು ಕಿತ್ತು ಒಂದಕ್ಕೊಂದು ಸೇರಿಸಿ ಟೇಪು ಸುತ್ತಿದ್ದರು. ಇದು ಯಾರ ಕೆಲಸ ಅಂದೆ. ಮಗ ಆಟೋ ನಿಲ್ಲಿಸಿ ಆಗ ತಾನೇ ಒಳಗೆ ಬಂದಿದ್ದ. ಮೆಷಿನ್ ಹಾಕಿದಾಗಲೆಲ್ಲ ಅದು ಬೀಳುತ್ತಿತ್ತು, ಕೆಲಸ ಆಗುತ್ತಿರಲಿಲ್ಲ, ವೈರ್‌ಮ್ಯಾನ್ ಕರೆಸಿ ಡೈರೆಕ್ಟ್ ಮಾಡಿಸಿದೆ ಅಂದ. ಅದು ಬೀಳುತ್ತಿದ್ದದ್ದೇ ಮೆಷಿನ್ ಸೋರುತ್ತಿತ್ತು ಅಂತ ಕಣಪ್ಪಾ, ಬಾಯಿ ಬಿಟ್ಟು ಹೇಳಿದ್ದನ್ನು ಬಾಯಿ ಹೊಲಿಸಿದೆಯಲ್ಲ ಅಂದೆ. ಅವನಿಗೆ ನಾಚಿಕೆ ಆಯಿತು. ಆದರೆ ನಾಳಿನ ಆರ್ಡರ್ ಚಿಂತೆ ಅದಕ್ಕಿಂತ ದೊಡ್ಡದಿತ್ತು.

“ಇದೊಂದು ಆರ್ಡರ್ ಮುಗೀಲಿ ಅಜ್ಜಿ. ಚಪ್ಲಿ ಹಾಕ್ಕಂಡು ನಿಂತ್ಕಂತಾಳೆ. ಆಮೇಲೆ ಏನ್ ಬೇಕಾದ್ರೂ ಮಾಡ್ರಿ.”

ಕಟಿಂಗ್ ಪ್ಲೇಯರ್ ತೆಗೆದುಕೊಂಡು ಮೆಷಿನಿನ ವೈರು ಕತ್ತರಿಸಿ, ಪ್ಲಗ್ಗನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಸೊಸೆ ಮುಖ ಸಣ್ಣದು ಮಾಡಿಕೊಂಡಳು. ಅತ್ತೆ ಮಾತ್ರ ನೋಡು, ಇವರೇ ಕತ್ತರಿಸಿದರು, ನಾನು ಹೇಳಿದ್ದು ಸರಿ ಆಯ್ತಲ್ಲ ಅನ್ನೋ ಹಾಗೆ ತಲೆ ಆಡಿಸಿದಳು.

ಉಳಿದದ್ದು ಗುಂಡಿ. ಈ ಗುಂಡಿಯ ಮೇಲೆ ನನಗೆ ಅನುಮಾನವೇ ಇರಲಿಲ್ಲ. ನಮ್ಮ ಬಸವಾಪಟ್ಟಣದ ಕಡೆ ನಾಲೆಯ ತೇವ ಇರುತ್ತದೆ, ಕಬ್ಬಿಣದ ಪೈಪು ನೆಟ್ಟರೆ ಅರ್ಧ ಕೆಲಸ ನೆಲವೇ ಮಾಡುತ್ತದೆ. ಜಗಳೂರಿನದು ಗೊರಚು ಮಣ್ಣು, ಕಲ್ಲು, ನೀರು ಹೊಯ್ದರೆ ನಿಲ್ಲುವುದಿಲ್ಲ. ಅದಕ್ಕೇ ಅಲ್ಲಿ ಮೈಮುರಿದು ಮಾಡಿದ್ದೆ. ಸಿಡಿಲು ತಡೆಯುವ ಕಂಬಿಗೆ ಒಂದು, ಪ್ಯಾನೆಲ್ಲಿನ ಚೌಕಟ್ಟಿಗೆ ಒಂದು ಗುಂಡಿ ಹಿತ್ತಲಲ್ಲಿ. ಮನೆಗೂ ಇನ್ವರ್ಟರಿಗೂ ಸೇರಿದ ಗುಂಡಿಗೆ ಹಿತ್ತಲಲ್ಲಿ ಬಂಡೆ ಅಡ್ಡ ಬಂತು, ಅದನ್ನು ಮನೆಯ ಮುಂದಿನ ಮೂಲೆಗೆ ತಂದೆ. ನಡುವೆ ಪೈಪು ನಿಲ್ಲಿಸಿ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು, ಹೀಗೆ ಮೇಲಿನವರೆಗೆ ತುಂಬಿ ನೀರು ಕುಡಿಸಿದ್ದೆ. ಉಪ್ಪು ತೇವ ಎಳೆಯುತ್ತದೆ, ಇದ್ದಿಲು ಹಿಡಿದಿಡುತ್ತದೆ. ಆವತ್ತು ಮೀಟರ್ ಮೂರರ ಹತ್ತಿರ ತೋರಿಸಿತ್ತು. ಐದರ ಕೆಳಗಿದ್ದರೆ ಒಳ್ಳೆಯದು ಅಂತ ಇಂಜಿನಿಯರ್ ಹೇಳುತ್ತಾನೆ. ಅಂಕಿ ಏರಿದಷ್ಟೂ ಕರೆಂಟಿಗೆ ನೆಲದ ದಾರಿ ಕಟ್ಟಿದೆ ಅಂತ ಅರ್ಥ.

ಮೇನ್ ತೆಗೆದೇ ಇತ್ತು. ಗುಂಡಿಯ ಸಿಮೆಂಟ್ ಮುಚ್ಚಳ ಸರಿಸಿ, ಪೈಪಿನಿಂದ ಹಸಿರು ವೈರು ಬಿಚ್ಚಿದೆ. ಎರಡು ಕಬ್ಬಿಣದ ಗೂಟ ದೂರ ದೂರ ಹೊಡೆದು ಮೀಟರಿಗೆ ಸೇರಿಸಿ ಬಟನ್ ಒತ್ತಿದೆ. ಅಂಕಿ ನೂರು ದಾಟಿ ಹೋಯಿತು. ಗೂಟ ಸಡಿಲ ಇರಬಹುದು ಅಂತ ಕಿತ್ತು ಬೇರೆ ಕಡೆ ಹೊಡೆದೆ. ಅಷ್ಟೇ ತೋರಿಸಿತು. ಬೇಸಿಗೆಗೆ ಒಣಗಿದೆ ಅಂತ ಕೊಡ ಕೊಡ ನೀರು ಹೊಯ್ಸಿದೆ. ಒಂದು ಚೂರು ಇಳಿಯಿತು, ಅಷ್ಟೇ. ಇಂಜಿನಿಯರಿಗೆ ಅಂಕಿ ಹೇಳಿದೆ. ಪೈಪು ತುಂಡಾಗಿರಬೇಕು ಅಜ್ಜಿ, ಅಗೆದು ನೋಡಿ ಅಂದ.

ಅಗೆಯಲು ಮಗನಿಗೆ ಹೇಳಿದೆ. ಅವನು ಗುದ್ದಲಿ ಹಾಕಿದ ಮೊದಲ ಸಲವೇ ನನಗೆ ಗೊತ್ತಾಯಿತು. ಕಪ್ಪು ಬರಬೇಕಿತ್ತು, ಕೆಂಪು ಬಂತು. ಮೊಣಕಾಲ ಆಳಕ್ಕೆ ಕೆಂಪು, ಸೊಂಟದ ಆಳಕ್ಕೂ ಕೆಂಪು. ಒಂದು ಹರಳು ಉಪ್ಪಿಲ್ಲ, ಒಂದು ಚೂರು ಇದ್ದಿಲಿಲ್ಲ. ಬರೀ ಗೊರಚು, ಕಲ್ಲು. ಪೈಪು ಮಾತ್ರ ನಾನು ನಿಲ್ಲಿಸಿದ ಹಾಗೇ ನೆಟ್ಟಗೆ ನಿಂತಿತ್ತು.

ಕಳ್ಳರು ಪೈಪು ಕದಿಯುತ್ತಾರೆ, ವೈರು ಕದಿಯುತ್ತಾರೆ. ಉಪ್ಪು ಇದ್ದಿಲು ಯಾರೂ ಕದಿಯುವುದಿಲ್ಲ. ನಾನು ತಲೆ ಎತ್ತಿ ನೋಡಿದೆ. ಮಗನಿಗೆ ಏನೂ ಗೊತ್ತಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಸೊಸೆ ಅತ್ತೆಯನ್ನು ನೋಡುತ್ತಿದ್ದಳು. ಅತ್ತೆ ಸೆರಗು ಸರಿ ಮಾಡಿಕೊಂಡಳು.

“ನಾನೇ ತೆಗೆಸಿದ್ದು,” ಅಂದಳು. ದನಿಯಲ್ಲಿ ಅಂಜಿಕೆ ಇರಲಿಲ್ಲ.

ಆಮೇಲೆ ಬಿಡಿಸಿ ಹೇಳಿದಳು. ನಾವು ಕೂರಿಸಿ ಹೋದ ಸ್ವಲ್ಪ ದಿನಕ್ಕೆ ಅವರ ಎಮ್ಮೆ ದಿನ ತುಂಬದೆ ಕಂದು ಹಾಕಿತಂತೆ. ಎದುರುಮನೆಯಾಕೆ ಬಂದು ಕಿವಿಯಲ್ಲಿ ಹೇಳಿದಳಂತೆ, ಎಲ್ಲಿಂದಲೋ ಬಂದ ಮುದುಕಿ ನಿಮ್ಮ ಬಾಗಿಲ ಮೂಲೆಯಲ್ಲಿ ಗುಂಡಿ ತೋಡಿ ಇದ್ದಿಲು ಉಪ್ಪು ಹೂತಿಟ್ಟು ಹೋದಳು, ಮಟಮಟ ಮಧ್ಯಾಹ್ನ, ನಾನೇ ಕಣ್ಣಾರೆ ನೋಡಿದೆ ಅಂತ. ನಮ್ಮ ಕಡೆ ಬಾಗಿಲಲ್ಲಿ ಉಪ್ಪು ಇದ್ದಿಲು ಹೂತರೆ ಅದು ಮಾಟ ಅಂತ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಗನೂ ಸೊಸೆಯೂ ಅವಳ ತವರಿಗೆ ಹೋಗಿದ್ದ ಅಮಾವಾಸ್ಯೆಯ ದಿನ ಈಕೆ ಬಾವಿ ತೋಡುವ ಆಳು ಕರೆಸಿ ಎಲ್ಲ ತೆಗೆಸಿದ್ದಳು. ಚೀಲಕ್ಕೆ ತುಂಬಿಸಿ, ಊರ ಹೊರಗೆ ಮೂರು ದಾರಿ ಕೂಡುವಲ್ಲಿ ಸುರಿಸಿ, ಮೇಲೆ ನಿಂಬೆಹಣ್ಣು ಕೊಯ್ದು ಬಂದಿದ್ದಳು. ಗುಂಡಿಗೆ ರಸ್ತೆ ಬದಿಯ ಮಣ್ಣು ತುಂಬಿಸಿ, ಯಾರಿಗೂ ಗೊತ್ತಾಗಬಾರದು ಅಂತ ಮುಚ್ಚಳ ಮೊದಲಿನ ಹಾಗೇ ಮುಚ್ಚಿಸಿದ್ದಳು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಬಾಗಿಲಲ್ಲಿ ಗುರುತಿಲ್ಲದವಳೊಬ್ಬಳು ಹಾಗೆ ಹೂತು ಹೋಗಿದ್ದರೆ ನಾನೂ ತೆಗೆಸುತ್ತಿದ್ದೆ.

ಆಗ ಸೊಸೆ ಬಾಯಿ ಬಿಟ್ಟಳು. ನಾನು ಬಂದ ಮೇಲೆ ಅವಳು ಅತ್ತೆಗೆ ಆಡಿದ ಮೊದಲ ಮಾತು ಅದು.

“ನಾನು ಸತ್ತಿದ್ರೆ ಯಾರು ಮಾಟ ಮಾಡಿದ್ರು ಅಂತಿದ್ರಿ ಅತ್ತೆ?”

ದನಿ ಏರಿಸಲೂ ಇಲ್ಲ, ಅಳಲೂ ಇಲ್ಲ. ಅತ್ತೆ ಬಾಗಿಲಿಂದ ಸರಿದು ಒಳಗೆ ಹೋಗಿಬಿಟ್ಟಳು.

ಇಂಜಿನಿಯರಿಗೆ ಫೋನು ಮಾಡಿ ಹೇಳಿದೆ. ಅವನು ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ. ಉಪ್ಪು ಇದ್ದಿಲು ತರಿಸಿ ತುಂಬಿ, ಟ್ರಿಪ್ಪರ್ ಸರಿ ಮಾಡಿ ಬಂದುಬಿಡಿ ಅಂದ. ಕೆಲಸದ ಲೆಕ್ಕದಲ್ಲಿ ಅವನು ಹೇಳಿದ್ದು ಸರಿಯೇ. ಮಗ ಆಗಲೇ ಆಟೋ ತೆಗೆದು ಜಗಳೂರಿಗೆ ಹೋಗಿ ಕಲ್ಲುಪ್ಪಿನ ಮೂಟೆ, ಇಸ್ತ್ರಿ ಅಂಗಡಿಯಿಂದ ಇದ್ದಿಲ ಚೀಲ ತಂದು ಗುಂಡಿಯ ಪಕ್ಕ ಇಳಿಸಿದ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಕೈಗೆ ತೆಗೆದುಕೊಂಡೆ.

ತೆಗೆದುಕೊಂಡು ಮತ್ತೆ ಕೆಳಗಿಟ್ಟೆ. ನಾನು ಹಾಕಿದರೆ ಬರುವ ಅಮಾವಾಸ್ಯೆಗೆ ಇದೂ ಮೂರು ದಾರಿಗೆ ಹೋಗುತ್ತದೆ. ಆಮೇಲೆ ಆ ಹುಡುಗಿ ಹಿಡಿಕೆ ಹಿಡಿದಾಗ ಲೈನ್ ಹೋಗಲಿ ಅಂತ ಯಾರು ಕಾಯುವುದು? ನನಗೆ ಕಲಿಸಿದವರು ಉಪ್ಪು ಎಷ್ಟು, ಇದ್ದಿಲು ಎಷ್ಟು ಅಂತ ಕಲಿಸಿದ್ದರು. ಹಾಕುವಾಗ ಯಾರನ್ನು ಕರೆದು ನಿಲ್ಲಿಸಿಕೊಳ್ಳಬೇಕು ಅಂತ ಕಲಿಸಿರಲಿಲ್ಲ.

ಒಳಗೆ ಹೋದೆ. ಅತ್ತೆ ಒಲೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

“ಅಕ್ಕಾ, ಆ ಗುಂಡಿಗೆ ನಾನು ಕೈ ಹಾಕಲ್ಲ. ನೀವೇ ತುಂಬ್ರಿ.”

“ನಾನ್ಯಾಕೆ ತುಂಬ್ಲಿ? ನಿಮ್ ಕೆಲಸ.”

“ಉಪ್ಪು ನಿಮ್ ಮಗ ತಂದಿದ್ದು. ಮೇಲಿನ ಪದರಕ್ಕೆ ಒಂದು ಬುಟ್ಟಿ ಇದ್ದಿಲು ನಿಮ್ ಒಲೇದೇ ಹಾಕ್ರಿ. ಕೈಯೂ ನಿಮ್ದೇ ಇರ್ಲಿ. ನಿಮ್ ಮನೆಗೆ ನೀವೇ ಮಾಟ ಮಾಡ್ಕಂತೀರಾ?”

ಅವಳು ಒಲೆಯ ಬೂದಿ ಕೆದಕಿದಳು. ನಾನು ಎದ್ದು ಬರಲಿಲ್ಲ. ಮಂಡಿ ನೋಯುತ್ತಿತ್ತು, ಆದರೂ ಕೂತೇ ಇದ್ದೆ.

“ಒಂದು ಕರು ಹೋತಲ್ಲ ನಮ್ದು,” ಅಂದಳು.

“ಹೋತು. ಅದು ಎಮ್ಮೆ ಡಾಕ್ಟ್ರನ್ನ ಕೇಳ್ರಿ, ನಂಗೊತ್ತಿಲ್ಲ. ಸೊಸೆ ಹೋಗ್ತಿದ್ದಿದ್ದು ಮಾತ್ರ ನಂಗೆ ಗೊತ್ತು.”

ಬಹಳ ಹೊತ್ತು ಬೂದಿ ಕೆದಕಿ, ಇವತ್ತು ಯಾವ ವಾರ ಅಂತ ಕೇಳಿದಳು. ಸೋಮವಾರ ಅಂದೆ. ಶಿವನ ವಾರ, ಆಗಲಿ ಅಂತ ಎದ್ದಳು. ಒಲೆಯ ಇದ್ದಿಲು ಬುಟ್ಟಿಗೆ ತುಂಬಿಕೊಂಡಳು.

ಹೊರಗೆ ಅಷ್ಟೊತ್ತಿಗೆ ಓಣಿಯ ಹೆಂಗಸರು ಸೇರಿದ್ದರು. ಹೋಗಿ ಅಂತ ಮಗ ಗದರಿಸಲು ಹೋದ. ಇರಲಿ, ನಿಲ್ಲಲಿ, ಹತ್ತಿರ ಬಂದು ನೋಡಲಿ ಅಂದೆ. ಅತ್ತೆ ಮೊದಲು ಪೈಪಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು. ವಿಭೂತಿಯಿಂದ ಅರ್ಥಿಂಗ್ ಕೆಡುವುದಿಲ್ಲ. ಆಮೇಲೆ ಇದ್ದಿಲು ಸುರಿದಳು, ಉಪ್ಪು ಸುರಿದಳು. ನಾನು ಪಕ್ಕದಲ್ಲಿ ನಿಂತು ಇನ್ನೊಂದು ಬುಟ್ಟಿ, ಈಗ ತುಳೀರಿ, ಈಗ ನೀರು ಅಂತ ಹೇಳಿದ್ದು ಬಿಟ್ಟರೆ ಬೆರಳು ಕೂಡ ತಾಗಿಸಲಿಲ್ಲ. ಸೊಸೆ ಎಡಗೈಯಲ್ಲೇ ಕೊಡ ಎತ್ತಿ ನೀರು ಹೊಯ್ದಳು. ಬುಟ್ಟಿ ಅತ್ತೆಯ ಕೈಯಿಂದ ಸೊಸೆಯ ಕೈಗೆ, ಅವಳ ಕೈಯಿಂದ ಅತ್ತೆಯ ಕೈಗೆ ಹೋಗುತ್ತಿತ್ತು.

ಎದುರುಮನೆಯಾಕೆ ಕಟ್ಟೆ ಮೇಲಿಂದಲೇ ಕೇಳಿದಳು, ಏನಕ್ಕಾ, ತೆಗೆಸಿದ್ದನ್ನೇ ಮತ್ತೆ ತುಂಬ್ತೀಯಲ್ಲ ಅಂತ.

ಅತ್ತೆ ಬೆನ್ನು ನೆಟ್ಟಗೆ ಮಾಡಿದಳು. “ನಿಮ್ ಮನೇಲೂ ಫ್ರಿಜ್ಜು ಐತಲ್ಲ. ಅದಕ್ಕೆ ಉಪ್ಪು ಇದ್ದಿಲು ಎಲ್ಲಿ ಹಾಕೀರಿ ತೋರ್ಸು ಬಾ, ನೋಡನ.”

ಆಕೆ ಕಟ್ಟೆ ಇಳಿದು ಒಳಗೆ ಹೋದಳು. ಇನ್ನಿಬ್ಬರು ಹೆಂಗಸರು ನನ್ನ ಹತ್ತಿರ ಬಂದು ತಮ್ಮ ಮನೆಯದನ್ನೂ ನೋಡುತ್ತೀರಾ ಅಂದರು.

ನೀರು ಇಂಗುವವರೆಗೆ ಬೋರ್ಡಿನ ಕೆಲಸ ಮಾಡಿದೆ. ಟ್ರಿಪ್ಪರ್ ವೈರು ಬಿಡಿಸಿ ಮೊದಲಿನ ಹಾಗೆ ಸೇರಿಸಿದೆ. ಹೊತ್ತು ಇಳಿಯುವಾಗ ಮತ್ತೆ ಗೂಟ ಹೊಡೆದು ಮೀಟರ್ ಇಟ್ಟೆ. ಒಂಬತ್ತರ ಮೇಲಿತ್ತು. ಇನ್ನಷ್ಟು ನೀರು ಕುಡಿಸಿ, ಕಾದು, ಮತ್ತೆ ನೋಡಿದೆ. ನಾಲ್ಕು ಚಿಲ್ಲರೆ. ಅತ್ತೆಯನ್ನೇ ಕರೆದು ಅಂಕಿ ತೋರಿಸಿದೆ. ಓದು ಬರದಿದ್ದರೂ ಮೊದಲು ಅಳೆದಾಗ ಮೂರು ಅಂಕಿ ಕಂಡದ್ದು ಅವಳಿಗೆ ನೆನಪಿತ್ತು, ಕಮ್ಮಿ ಆಗೈತೆ ಅಂದಳು. ಹಸಿರು ವೈರು ಬಿಗಿದು ಮೇನ್ ಹಾಕಿದೆ. ಟ್ರಿಪ್ಪರಿನ ಮೇಲಿನ ಸಣ್ಣ ಬಟನ್ ಸೊಸೆಯ ಕೈಯಲ್ಲೇ ಒತ್ತಿಸಿದೆ. ಟಕ್ ಅಂತ ಬಿತ್ತು, ಮನೆ ಕತ್ತಲಾಯಿತು. ತಿಂಗಳಿಗೊಮ್ಮೆ ಹಿಂಗೆ ಒತ್ತಿ ನೋಡು, ಬೀಳದಿದ್ದರೆ ನನಗೆ ಫೋನು ಮಾಡು ಅಂದೆ. ಗುಂಡಿಗೆ ವಾರಕ್ಕೊಂದು ಕೊಡ ನೀರು ಹೊಯ್ಯುವ ಕೆಲಸ ಅತ್ತೆ ತಾನೇ ವಹಿಸಿಕೊಂಡಳು.

ಮೆಷಿನ್ ವಾಪಸ್ ಮಾಡುವ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಹೊಸ ಕಾಯಿಲ್ ಹಾಕಿಸಲು ಮಗ ಅದನ್ನು ಆಟೋದಲ್ಲಿ ಕಟ್ಟಿ ಇಟ್ಟ. ಈ ಪ್ಲಗ್ ನನ್ನ ಹತ್ತಿರವೇ ಇರುತ್ತದೆ, ಕಾಯಿಲ್ ಸರಿಯಾದ ಮೇಲೆ ರಿಪೇರಿ ಅಂಗಡಿಯಲ್ಲೇ ಹೊಸದು ಹಾಕಿಸಿಕೋ ಅಂದೆ.

ಆರ್ಡರ್ ಇತ್ತಲ್ಲ, ಅದು ಕೈಯಲ್ಲೇ ಆಯಿತು. ಸೊಸೆಗೆ ಬಲಗೈ ಬರುತ್ತಿರಲಿಲ್ಲ, ಹಿಟ್ಟಿನ ಹದ ನೋಡಿ ಹೇಳುತ್ತಾ ಕೂತಳು. ಅತ್ತೆ ತಟ್ಟಿದಳು. ನಾನೂ ತಟ್ಟಿದೆ. ನನ್ನ ರೊಟ್ಟಿ ಅಂಚು ಒಡೆಯುತ್ತಿತ್ತು. ಅಜ್ಜಿ, ನೀವು ಗುಂಡಿ ತುಂಬೋದ್ರಾಗೇ ಚೆಂದ, ಇದನ್ನ ಬಿಡ್ರಿ ಅಂತ ಸೊಸೆ ನಕ್ಕಳು. ಅವಳು ನಕ್ಕದ್ದು ಅತ್ತೆಗೂ ಕೇಳಿಸಿತು. ಅತ್ತೆ ತಲೆ ಬಗ್ಗಿಸಿಕೊಂಡೇ, ಆ ಒಡೆದವು ನಮಗಿರ್ಲಿ, ಮದುವೆ ಮನೆಗೆ ಹಾಕಬೇಡ ಅಂದಳು.

ಅಲ್ಲೇ ಮಲಗಿದೆ. ನಿದ್ದೆ ಸರಿಯಾಗಿ ಬರಲಿಲ್ಲ. ಯಾವ ಯಾವ ಊರಲ್ಲಿ ಬಾಗಿಲ ಮುಂದೆ ಗುಂಡಿ ಮಾಡಿದ್ದೆ, ಯಾವ ಮನೆಯಲ್ಲಿ ಹಿರಿಯಳು ಹೊರಗೆ ಹೋಗಿದ್ದಾಗ ತುಂಬಿದ್ದೆ ಅಂತ ಒಂದೊಂದೇ ನೆನಪಿಗೆ ಬರುತ್ತಿತ್ತು.

ಬೆಳಿಗ್ಗೆ ಊರಿಗೆ ಹೋಗಲಿಲ್ಲ. ಮೊದಲ ಬಸ್ಸು ಹಿಡಿದು ದಾವಣಗೆರೆಯಲ್ಲಿ ಇಳಿದು, ಹೊನ್ನಾಳಿ ಮೇಲಿಂದ ನ್ಯಾಮತಿಗೆ ಹೋದೆ. ಹೋದ ವರ್ಷ ಕೂರಿಸಿದ ಮನೆ. ಬಾಗಿಲು ತೆಗೆದ ಹೆಣ್ಣುಮಗಳು ಗಾಬರಿಯಾಗಿ, ಏನ್ ಬಂದ್ರಿ ಅಜ್ಜಿ, ನಾವು ಫೋನು ಮಾಡಿಲ್ಲವಲ್ಲ ಅಂದಳು.

ಮಾಡಿಲ್ಲ ಅಂತಲೇ ಬಂದೆ ಅಂದೆ. ನಿಮ್ಮ ಅತ್ತೆಯನ್ನು ಹೊರಗೆ ಕರಿ, ಹಾಗೇ ಒಂದು ಗುದ್ದಲಿ ಕೊಡು ಅಂದೆ.